ಪುಟಾಣಿ ರೈಲು ಉಳಿಸಿದ ಹಳ್ಳಿಗಳು

ಪುಟಾಣಿ ರೈಲು ಅಂದ್ರೆ ನಮಗೆ ಮಕ್ಕಳ ಆಟಿಕೆ ನೆನಪಾಗುತ್ತೆ. ಅದರಲ್ಲೇ ಇತಿಹಾಸ ಬರೆದವನ ಕಥೆ ಹೇಳ್ತೀನಿ. ಹೆಸರು ರಾಯ್ ಇಂಗ್ಲೆಂಡ್, ದೇಶ ಆಸ್ಟ್ರೇಲಿಯಾ. ರೈಲಿನ ಹುಚ್ಚು ಹತ್ತಿಸಿಕೊಂಡಿದ್ದ ಈ ಯುವಕ 1925ರಲ್ಲಿ ಇಂಗ್ಲೆಂಡಿಗೆ ಬಂದ. ವೇಲ್ ಆಫ್ ವೈಟ್ ಹಾರ್ಸ್ ಕಣಿವೆಯಲ್ಲಿ ಹುಲ್ಲು ಹೊದಿಸಿದ ಹಳೇ ಮನೆಗಳು ಅವನ ಕಣ್ಣೆದುರೇ ಮಾಯವಾಗುತ್ತಿದ್ದವು.

ತಡೆಯೋಕೆ ಅವನ ಕೈಲಿ ಆಗಲಿಲ್ಲ. ಆದರೆ ಅಳೆಯೋಕೆ ಆಗುತ್ತಿತ್ತಲ್ಲ! ನಿಜವಾದ ಮನೆಗಳನ್ನೇ ಅಳೆದು, ರಟ್ಟಿನಲ್ಲಿ 76ನೇ ಒಂದು ಭಾಗಕ್ಕೆ ಇಳಿಸಿದ. 30 ಅಡಿಯ ಮನೆ ಇಲ್ಲಿ 5 ಇಂಚೂ ಇಲ್ಲ. ಅದಕ್ಕೆ ಇಟ್ಟಿಗೆ ಗೆರೆ, ಹುಲ್ಲಿನ ಸೂರು, ಹಿತ್ತಿಲಲ್ಲಿ ತರಕಾರಿ ಸಾಲು. ಆಚೆ ಗ್ರೇಟ್ ವೆಸ್ಟರ್ನ್ ರೈಲು. ಒಂದೊಂದು ಮನೆಗೂ ತಿಂಗಳುಗಟ್ಟಲೆ ಕೆಲಸ. 1954ರಲ್ಲಿ ಲಾಂಗ್ ವಿಟೆನ್‌ಹ್ಯಾಮ್ ಹಳ್ಳಿಯಲ್ಲಿ ಅವನ ಪೆಂಡನ್ ಮ್ಯೂಸಿಯಂ ಶುರುವಾಯಿತು. 1995ರಲ್ಲಿ ಅವನು ತೀರಿಕೊಂಡ. ಸ್ವಯಂಸೇವಕರು ಕೆಲಸ ನಿಲ್ಲಿಸಲಿಲ್ಲ.

ರಾಜರ ಕೋಟೆ ಕಾಯೋಕೆ ಸರ್ಕಾರಗಳಿವೆ ವೀಕ್ಷಕರೇ, ರೈತನ ಸೂರಿಗೆ ಯಾರಿದ್ದಾರೆ? ನಿಮ್ಮ ಅಜ್ಜನ ಮನೆಯ ಬಾಗಿಲು ಎಷ್ಟು ಎತ್ತರ ಇತ್ತು, ಹೇಳಿ ನೋಡೋಣ. ನಮ್ಮ ಅಜ್ಜನ ಮನೆ ಬಾಗಿಲಲ್ಲಿ ತಲೆ ಬಗ್ಗಿಸಿ ಹೋಗಬೇಕಿತ್ತು, ಅಷ್ಟು ಮಾತ್ರ ನನಗೆ ನೆನಪು. ಅಳತೆ ಯಾರೂ ಬರೆದಿಟ್ಟಿಲ್ಲ.