ಒಂದೇ ವೈರಾಣು, ಎರಡು ಗತಿ: ಐರ್ಲೆಂಡಿನ ತಾಯಂದಿರು ಮತ್ತು ಹೆಪಟೈಟಿಸ್ ಸಿ

ತಾಯಿಯ ರಕ್ತ ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆಗಿದ್ದಾಗ, ಹೆರಿಗೆಯ ವೇಳೆ ತಾಯಿಯ ದೇಹವನ್ನು ಹೊಕ್ಕ ಮಗುವಿನ ರಕ್ತಕಣಗಳ ವಿರುದ್ಧ ಆಕೆಯಲ್ಲಿ ಪ್ರತಿಕಾಯಗಳು ಹುಟ್ಟಿಕೊಳ್ಳಬಹುದು. ಮುಂದಿನ ಬಸಿರಿನಲ್ಲಿ ಅವು ಮಗುವಿನ ರಕ್ತವನ್ನೇ ನಾಶಮಾಡಬಲ್ಲವು. ಈ ಅಪಾಯವನ್ನು ತಡೆಯುವ ಆಂಟಿ-ಡಿ ಎಂಬ ಚುಚ್ಚುಮದ್ದನ್ನು 1960ರ ದಶಕದಲ್ಲಿ ಲಿವರ್‌ಪೂಲ್ ಮತ್ತು ನ್ಯೂಯಾರ್ಕಿನ ವೈದ್ಯರು ಬೇರೆಬೇರೆಯಾಗಿ ರೂಪಿಸಿದರು. ಅಸಂಖ್ಯ ಶಿಶುಗಳನ್ನು ಉಳಿಸಿದ ಈ ಔಷಧ ತಯಾರಾಗುವುದು ಮನುಷ್ಯರ ಪ್ಲಾಸ್ಮಾದಿಂದ, ಅಂದರೆ ರಕ್ತದ ದ್ರವಭಾಗದಿಂದ. ಆದ್ದರಿಂದ ಪ್ಲಾಸ್ಮಾ ಕೊಟ್ಟವರ ಆರೋಗ್ಯದ ಮೇಲೆಯೇ ಅದನ್ನು ಪಡೆದವರ ಸುರಕ್ಷತೆ ನಿಂತಿತ್ತು.

ಐರ್ಲೆಂಡಿನಲ್ಲಿ ಈ ಔಷಧವನ್ನು ತಯಾರಿಸುತ್ತಿದ್ದುದು ಡಬ್ಲಿನ್ನಿನ ಸರ್ಕಾರಿ ರಕ್ತನಿಧಿ ಮಂಡಳಿ. 1976ರಲ್ಲಿ ಪ್ಲಾಸ್ಮಾ ಬದಲಾವಣೆಯ ಚಿಕಿತ್ಸೆ ಪಡೆಯುತ್ತಿದ್ದ ಗರ್ಭಿಣಿಯೊಬ್ಬರಿಂದ ತೆಗೆದ ಪ್ಲಾಸ್ಮಾವನ್ನು, ಆಕೆಯ ಒಪ್ಪಿಗೆಯನ್ನೂ ಕೇಳದೆ, ಆಂಟಿ-ಡಿ ತಯಾರಿಕೆಗೆ ಬಳಸಲಾಯಿತು. ಆ ವರ್ಷದ ನವೆಂಬರ್‌ನಲ್ಲಿ ಆಕೆಗೆ ಕಾಮಾಲೆ ಕಾಣಿಸಿಕೊಂಡಿತು. ಕಾಮಾಲೆಯಾದವರ ರಕ್ತವನ್ನು ಬಳಸಬಾರದೆಂಬ ನಿಯಮವಿದ್ದರೂ ಬಳಕೆ ನಿಲ್ಲಲಿಲ್ಲ. 1977ರಲ್ಲಿ ಚುಚ್ಚುಮದ್ದು ಪಡೆದ ಕೆಲವು ತಾಯಂದಿರು ಕಾಯಿಲೆ ಬಿದ್ದ ಸುದ್ದಿ ಮಂಡಳಿಗೆ ತಲುಪಿದ ಮೇಲೂ ಎಚ್ಚರ ಮೂಡಲಿಲ್ಲ. ಇದಕ್ಕೆ ಕಾರಣವಾದ ಹೆಪಟೈಟಿಸ್ ಸಿ ವೈರಾಣುವನ್ನು ಗುರುತಿಸಿದ್ದು 1989ರಲ್ಲಿ, ಅದಕ್ಕೂ ಮೊದಲು ಪರೀಕ್ಷೆಯೇ ಇರಲಿಲ್ಲ ಎಂಬುದು ನಿಜ. ಆದರೆ ಕಾಮಾಲೆಯನ್ನು ಗುರುತಿಸಲು ವೈರಾಣುವಿನ ಹೆಸರು ಬೇಕಿರಲಿಲ್ಲವಾದ್ದರಿಂದ, ಈ ಸಮರ್ಥನೆ ಸಾಲದು.

ರಕ್ತದಾನಿಗಳಲ್ಲಿ ಹೆಪಟೈಟಿಸ್ ಸಿ ಸೋಂಕಿದ್ದ ಹೆಂಗಸರನೇಕರು ಆರ್‌ಎಚ್ ನೆಗೆಟಿವ್ ಆಗಿದ್ದುದನ್ನು ಕಾರ್ಕ್ ನಗರದ ವೈದ್ಯೆ ಜೋನ್ ಪವರ್ ಗಮನಿಸಿದ ನಂತರ, 1994ರ ಫೆಬ್ರವರಿಯಲ್ಲಿ ವಿಷಯ ಬಹಿರಂಗವಾಯಿತು. ಆಮೇಲೆ ನಡೆದ ತಪಾಸಣೆಯಲ್ಲಿ 62,667 ಮಹಿಳೆಯರ ಪೈಕಿ 704 ಮಂದಿಯಲ್ಲಿ ಸೋಂಕಿನ ಕುರುಹು ಸಿಕ್ಕಿತು. ಆದರೆ ಇವರಲ್ಲಿ ವೈರಾಣು ಇನ್ನೂ ರಕ್ತದಲ್ಲಿ ಉಳಿದಿದ್ದದ್ದು 390 ಮಂದಿಯಲ್ಲಿ ಮಾತ್ರ. ಉಳಿದವರ ರಕ್ತದಲ್ಲಿ ಪ್ರತಿಕಾಯಗಳಿದ್ದವು, ವೈರಾಣು ಇರಲಿಲ್ಲ. ಯಾವ ಔಷಧವನ್ನೂ ತೆಗೆದುಕೊಳ್ಳದೆ ಅವರ ದೇಹವೇ ಅದನ್ನು ಹೊರಹಾಕಿತ್ತು. ವಯಸ್ಸಿನಲ್ಲಿಯೂ ಆರೋಗ್ಯದಲ್ಲಿಯೂ ಹೆಚ್ಚು ಅಂತರವಿಲ್ಲದ ಇಷ್ಟೊಂದು ಹೆಂಗಸರಿಗೆ, 1ಬಿ ಎಂಬ ಉಪಜಾತಿಯ ಒಂದೇ ಮೂಲದ ವೈರಾಣು, ಹೆಚ್ಚುಕಡಿಮೆ ಒಂದೇ ಅವಧಿಯಲ್ಲಿ ತಗುಲಿದ್ದರೂ ಫಲಿತಾಂಶ ಎರಡಾಗಿದ್ದರೆ, ಕಾರಣವನ್ನು ವೈರಾಣುವಿಗಿಂತ ಹೆಚ್ಚಾಗಿ ಅವರ ದೇಹದಲ್ಲಿಯೇ ಹುಡುಕಬೇಕಾಯಿತು. ಯಾವ ಸಂಶೋಧಕನೂ ಇಂಥ ಪ್ರಯೋಗವನ್ನು ಯೋಜಿಸುವಂತಿಲ್ಲ, ಯೋಜಿಸಲೂ ಬಾರದು. ಅನ್ಯಾಯದಿಂದ ಒದಗಿದ ಈ ಸಾಕ್ಷ್ಯದ ಬೆಲೆಯನ್ನು ತೆತ್ತವರು ಆ ತಾಯಂದಿರು.

ಹುಡುಕಾಟ ಮೊದಲು ತಿರುಗಿದ್ದು ಆರನೆಯ ವರ್ಣತಂತುವಿನ ಎಚ್‌ಎಲ್‌ಎ ವಂಶವಾಹಿಗಳ ಕಡೆಗೆ. ಸೋಂಕು ತಗುಲಿದ ಜೀವಕೋಶ ತನ್ನೊಳಗಿನ ವೈರಾಣುವಿನ ಪ್ರೋಟೀನಿನ ತುಣುಕುಗಳನ್ನು ಹೊರಮೈಗೆ ತಂದು ಟಿ ಕೋಶಗಳೆಂಬ ಕಾವಲಿನ ಬಿಳಿ ರಕ್ತಕಣಗಳಿಗೆ ತೋರಿಸುವುದು ಎಚ್‌ಎಲ್‌ಎ ಅಣುಗಳ ಮೂಲಕವೇ. ಈ ಅಣುಗಳು ಮನುಷ್ಯರಿಂದ ಮನುಷ್ಯರಿಗೆ ಬಹಳ ಭಿನ್ನವಾಗಿರುವುದರಿಂದ ಒಬ್ಬರ ದೇಹ ಸ್ಪಷ್ಟವಾಗಿ ತೋರಿಸುವ ತುಣುಕನ್ನು ಇನ್ನೊಬ್ಬರ ದೇಹ ತೋರಿಸಲಾರದು. ಐರಿಷ್ ಮಹಿಳೆಯರ ಅಧ್ಯಯನಗಳಲ್ಲಿ ಡಿಆರ್‌ಬಿ1*01, ಎ3 ಮತ್ತು ಬಿ27 ಎಂಬ ಪ್ರಭೇದಗಳು ವೈರಾಣು ತೊಲಗಿದವರಲ್ಲಿ ಹೆಚ್ಚಾಗಿಯೂ ಬಿ8 ಎಂಬುದು ಅದು ನೆಲೆನಿಂತವರಲ್ಲಿ ಹೆಚ್ಚಾಗಿಯೂ ಕಂಡುಬಂದವು. ಬೆನ್ನುಮೂಳೆಯ ಸಂಧಿವಾತದ ಅಪಾಯವನ್ನು ಹೆಚ್ಚಿಸುವುದೆಂದು ಮೊದಲೇ ತಿಳಿದಿದ್ದ ಬಿ27 ಇಲ್ಲಿ ರಕ್ಷಕನಾದ ಬಗೆ ಕುತೂಹಲಕರವಾಗಿದೆ. ಅದು ತೋರಿಸುವ ತುಣುಕು, ವೈರಾಣು ತನ್ನ ಪ್ರತಿಗಳನ್ನು ಮಾಡಿಕೊಳ್ಳಲು ಬಳಸುವ ಕಿಣ್ವದ ಭಾಗ. ಅದನ್ನು ಬದಲಿಸಿ ತಪ್ಪಿಸಿಕೊಳ್ಳಬೇಕಾದರೆ ವೈರಾಣು ಒಂದಕ್ಕಿಂತ ಹೆಚ್ಚು ಮಾರ್ಪಾಡುಗಳನ್ನು ಮಾಡಿಕೊಳ್ಳಬೇಕು, ಅದರಿಂದ ತನ್ನ ಸಂತಾನಶಕ್ತಿಯನ್ನೇ ಕುಂದಿಸಿಕೊಳ್ಳುತ್ತದೆ. ಆ ತುಣುಕು ಒಂದನೆಯ ಜಾತಿಯ ವೈರಾಣುವಿನಲ್ಲಿ ಸ್ಥಿರವಾಗಿದೆಯೇ ಹೊರತು ಎಲ್ಲ ಜಾತಿಗಳಲ್ಲಿ ಅಲ್ಲ. ಹಾಗಾಗಿ ಬಿ27ನ ಕೃಪೆ ಎಲ್ಲೆಡೆಯೂ ದೊರೆಯುವಂಥದ್ದಲ್ಲ.

ಹತ್ತೊಂಬತ್ತನೆಯ ವರ್ಣತಂತುವಿನ ಕಥೆ ತಡವಾಗಿ ಬಂದರೂ ಹೆಚ್ಚು ಪ್ರಬಲವಾಗಿತ್ತು. ಕೋಶಗಳಿಗೆ ವೈರಾಣುವಿನ ಎಚ್ಚರಿಕೆ ಕೊಡುವ ಇಂಟರ್‌ಫೆರಾನ್ ಲ್ಯಾಂಬ್ಡಾ ವಂಶವಾಹಿಗಳಲ್ಲಿ ಒಂದಾದ ಐಎಲ್28ಬಿಯ ಸಮೀಪದ ಒಂದೇ ಅಕ್ಷರದ ವ್ಯತ್ಯಾಸವು (ತಂದೆತಾಯಿಯರಿಂದ ಒಂದೊಂದರಂತೆ ಬರುವ ಈ ಅಕ್ಷರ ಸಿ ಅಥವಾ ಟಿ) ಆಗಿನ ಇಂಟರ್‌ಫೆರಾನ್ ಚಿಕಿತ್ಸೆಗೆ ಸ್ಪಂದಿಸುವುದನ್ನೂ ವೈರಾಣು ತಾನಾಗಿಯೇ ತೊಲಗುವುದನ್ನೂ ಬಹಳ ಮಟ್ಟಿಗೆ ನಿರ್ಧರಿಸುತ್ತದೆಂದು 2009ರಲ್ಲಿ ಹಲವು ತಂಡಗಳು ಪ್ರಕಟಿಸಿದವು. ಇದನ್ನು ಒರೆಗೆ ಹಚ್ಚಲು ಮತ್ತೊಂದು ದುರಂತ ಒದಗಿತು: 1978-79ರಲ್ಲಿ ಪೂರ್ವ ಜರ್ಮನಿಯಲ್ಲಿ, ಕಾನೂನೇ ಕಡ್ಡಾಯಗೊಳಿಸಿದ್ದ ಆಂಟಿ-ಡಿ ಚುಚ್ಚುಮದ್ದಿನಿಂದಲೇ ಸಾವಿರಾರು ಮಹಿಳೆಯರು ಇದೇ 1ಬಿ ವೈರಾಣುವಿಗೆ ಒಡ್ಡಿಕೊಂಡಿದ್ದರು. ಅವರಲ್ಲಿ ಸಿಸಿ ಜೋಡಿಯನ್ನು ಹೊಂದಿದ್ದವರ ಪೈಕಿ ಶೇಕಡ 64, ಸಿಟಿ ಜೋಡಿಯವರ ಪೈಕಿ ಶೇಕಡ 24, ಟಿಟಿ ಜೋಡಿಯವರ ಪೈಕಿ ಕೇವಲ ಶೇಕಡ 6 ಮಹಿಳೆಯರು ವೈರಾಣುವಿನಿಂದ ತಾವಾಗಿ ಬಿಡುಗಡೆ ಪಡೆದಿದ್ದರೆಂದು 2010ರ ವರದಿ ತಿಳಿಸಿತು. 2013ರಲ್ಲಿ ಪಕ್ಕದಲ್ಲೇ ಐಎಫ್‌ಎನ್‌ಎಲ್4 ಎಂಬ ಮತ್ತೊಂದು ವಂಶವಾಹಿ ಪತ್ತೆಯಾಯಿತು. ವೈರಾಣುವನ್ನು ತಡೆಯಬೇಕಾದ ಅದರ ಪ್ರೋಟೀನನ್ನು ತಯಾರಿಸಲಾಗದವರೇ ಸೋಂಕಿನಿಂದ ಹೆಚ್ಚು ಪಾರಾಗುತ್ತಾರೆಂಬ ವಿಚಿತ್ರ ಸಂಗತಿಗೆ ಇನ್ನೂ ಪೂರ್ಣ ವಿವರಣೆ ದೊರೆತಿಲ್ಲ. ಸಿಸಿ ಜೋಡಿ ಪೂರ್ವ ಏಷ್ಯದವರಲ್ಲಿ ಹೆಚ್ಚು, ಆಫ್ರಿಕಾ ಮೂಲದವರಲ್ಲಿ ಕಡಿಮೆ. ಇಂಟರ್‌ಫೆರಾನ್ ಚಿಕಿತ್ಸೆ ಕಪ್ಪು ಅಮೆರಿಕನ್ನರಲ್ಲಿ ಕಡಿಮೆ ಫಲ ಕೊಡುತ್ತಿದ್ದುದಕ್ಕೆ ಒಂದು ಭಾಗದ ಉತ್ತರ ಇಲ್ಲಿ ಸಿಕ್ಕಿತು.

ವಂಶವಾಹಿಯ ಈ ಕಥನ ರಕ್ತನಿಧಿಯ ಹೊಣೆಯನ್ನು ಕುಗ್ಗಿಸಲಾರದು. ಡಬ್ಲಿನ್ನಿನ ವಿಚಾರಣಾ ನ್ಯಾಯಮಂಡಳಿಯ 1997ರ ವರದಿ ತಪ್ಪುಗಳನ್ನು ವಿವರವಾಗಿ ದಾಖಲಿಸಿತು; ಸೋಂಕು ತಗುಲಿದ ಸರಾಸರಿ ಹದಿನೇಳು ವರ್ಷಗಳ ನಂತರ ಪರೀಕ್ಷೆಗೊಳಗಾದ, ವೈರಾಣು ಉಳಿದಿದ್ದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಯಕೃತ್ತಿನಲ್ಲಿ ಕಲೆಗಟ್ಟಿದ ಅಂಗಾಂಶ ಕಂಡಿತ್ತು. 2014ರ ಸುಮಾರಿಗೆ ನೇರವಾಗಿ ವೈರಾಣುವಿನ ಕಿಣ್ವಗಳನ್ನು ತಡೆಯುವ ಗುಳಿಗೆಗಳು ಬಂದ ಮೇಲೆ, ಸಿಸಿಯೋ ಟಿಟಿಯೋ ಎಂಬ ಭೇದವಿಲ್ಲದೆ ಬಹುಪಾಲು ರೋಗಿಗಳು ಗುಣವಾಗತೊಡಗಿದರು. ಚಿಕಿತ್ಸೆಗೆ ಮುನ್ನ ಐಎಲ್28ಬಿ ಪರೀಕ್ಷೆ ಮಾಡಿಸುವ ರೂಢಿ ಬೇಗನೆ ಮರೆಯಾಯಿತು. ಲಸಿಕೆ ಮಾತ್ರ ಇನ್ನೂ ದೊರೆತಿಲ್ಲ. ಟಿ ಕೋಶಗಳನ್ನು ಹುರಿದುಂಬಿಸಲು ರೂಪಿಸಿದ ಒಂದು ಲಸಿಕೆಯ ಅಮೆರಿಕದ ಪ್ರಯೋಗ, ಆ ಕೋಶಗಳನ್ನು ಎಬ್ಬಿಸಿದರೂ ದೀರ್ಘಕಾಲದ ಸೋಂಕನ್ನು ತಡೆಯಲಿಲ್ಲವೆಂದು 2021ರಲ್ಲಿ ಪ್ರಕಟವಾಯಿತು.