ತಲೆಯಲ್ಲಿ ಊರು, ತಲೆಯಲ್ಲೇ ಪ್ರಾಸ

ತಳುಕು ಎಂಬ ಊರಹೆಸರಿಗೆ ಪ್ರಾಸ ಹೊಂದುವ ಇಂಗ್ಲಿಷ್ ಮಾತು ಹುಡುಕಿ ಎಂದರೆ ಯಾರಾದರೂ ಪದದ ಬಾಲ ಹಿಡಿಯುತ್ತಾರೆ. ಇದೇ ಕೆಲಸವನ್ನು ಹಳಗನ್ನಡದ ಕವಿಗೆ ವಹಿಸಿದ್ದರೆ ಆತ ಪದದ ತಲೆ ಹಿಡಿಯುತ್ತಿದ್ದ. ಇಂಗ್ಲಿಷಿನವರಿಗೆ ಮನೆತನದ ಹೆಸರು ಕೊನೆಯಲ್ಲಿ ಬರುತ್ತದೆ, ಪ್ರಾಸವೂ ಸಾಲಿನ ಕೊನೆಯಲ್ಲೇ. ಹಾಗಾಗಿ ಹೆಸರಿಗೆ ಪ್ರಾಸ ಕಟ್ಟುವುದು ಅವರಲ್ಲಿ ಒಂದು ಆಟವಾಗಿಯೇ ಬೆಳೆಯಿತು. ಎಡ್ಮಂಡ್ ಕ್ಲೆರಿಹ್ಯೂ ಬೆಂಟ್ಲಿ 1905ರಲ್ಲಿ ‘ಬಯಾಗ್ರಫಿ ಫಾರ್ ಬಿಗಿನರ್ಸ್’ ಎಂಬ ಪುಸ್ತಕ ತಂದ. ಒಬ್ಬೊಬ್ಬ ಪ್ರಸಿದ್ಧನ ಮೇಲೂ ನಾಲ್ಕೇ ಸಾಲು. ಮೊದಲ ಸಾಲು ಸಾಮಾನ್ಯವಾಗಿ ಅವನ ಹೆಸರಲ್ಲಿ ಮುಗಿಯುತ್ತದೆ, ಎರಡನೆಯ ಸಾಲು ಹೇಗಾದರೂ ಒದ್ದಾಡಿ ಆ ಹೆಸರಿಗೆ ಜೋಡಿ ತರಬೇಕು. ಆ ಒದ್ದಾಟವೇ ಹಾಸ್ಯ. ಈ ಪದ್ಯಜಾತಿಗೆ ಕ್ಲೆರಿಹ್ಯೂ ಎಂದೇ ಹೆಸರು ನಿಂತಿತು. ತಳುಕು ಇರುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಇಂಥ ಆಟ ಹುಟ್ಟಲಿಲ್ಲ. ಹುಟ್ಟದೇ ಇದ್ದುದಕ್ಕೆ ಹಾಸ್ಯಪ್ರಜ್ಞೆಯ ಕೊರತೆ ಕಾರಣವಲ್ಲ. ಈ ಸೀಮೆಯಲ್ಲಿ ಮನೆತನ ಗುರುತಿಸುವ ಮಾತೂ ಪ್ರಾಸವೂ ಎರಡೂ ತಲೆಯಲ್ಲಿ ಕೂತವು ಎಂಬುದೇ ಕಾರಣ ಎಂದು ನನ್ನ ವಾದ.

ಮೊದಲು ಹೆಸರನ್ನು ನೋಡೋಣ. ಚಳ್ಳಕೆರೆ ತಾಲ್ಲೂಕಿನ ತಳುಕು ಕನ್ನಡಕ್ಕೆ ಒಂದು ಮನೆತನವನ್ನೇ ಕೊಟ್ಟ ಊರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ, ಕುವೆಂಪು ಅವರ ಗುರುಗಳಾದ ಟಿ.ಎಸ್. ವೆಂಕಣ್ಣಯ್ಯ, ಅವರ ತಮ್ಮ ತ.ಸು. ಶಾಮರಾಯ, ಚಿತ್ರದುರ್ಗದ ಕಾದಂಬರಿಗಳ ತ.ರಾ.ಸು., ಎಲ್ಲರೂ ಆ ಮನೆಯವರೇ. ತ.ರಾ.ಸು. ಎಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್: ಮೊದಲು ಊರು, ಆಮೇಲೆ ತಂದೆ, ಕೊನೆಗೆ ತಾನು. ಇದು ಕನ್ನಡದ ವ್ಯಾಕರಣಕ್ಕೆ ಸಹಜವಾದ ಕ್ರಮ. ‘ತಳುಕಿನ ವೆಂಕಣ್ಣಯ್ಯ’ ಎನ್ನುವಾಗ ಷಷ್ಠಿ ವಿಭಕ್ತಿಯ ಮಾತು ಹಿಂದೆ ಬರಲು ಸಾಧ್ಯವೇ ಇಲ್ಲ. ಗಡಿಯಾಚೆಯ ರಾಯದುರ್ಗದ ಕಡೆಗೆ ಹೋದರೂ ಲೆಕ್ಕ ಬದಲಾಗುವುದಿಲ್ಲ. ತೆಲುಗಿನವರ ‘ಇಂಟಿ ಪೇರು’, ಅಂದರೆ ಮನೆತನದ ಹೆಸರು, ಕೂಡ ಹೆಸರಿನ ಮುಂದೆಯೇ ನಿಲ್ಲುತ್ತದೆ. ಕಾಡುಗೊಲ್ಲರಲ್ಲೂ ಮ್ಯಾಸಬೇಡರಲ್ಲೂ ಇರುವ ಬೆಡಗು ಎಂಬ ವಂಶದ ಗುರುತು ಇನ್ನೂ ಬೇರೆ ತೆರನದು. ಒಂದೇ ಬೆಡಗಿನೊಳಗೆ ಹೆಣ್ಣು ಕೊಟ್ಟು ತರುವುದಿಲ್ಲವಾದ್ದರಿಂದ ಅದು ಮದುವೆಯ ಮಾತುಕತೆಯಲ್ಲಿ ಕೇಳಿ ತಿಳಿಯುವ ಗುರುತು. ಸಹಿಯ ಬಾಲಕ್ಕೆ ಅಂಟಿಸುವಂಥದಲ್ಲ.

ಇನ್ನು ಪ್ರಾಸ. ಸುಮಾರು 850ರ ‘ಕವಿರಾಜಮಾರ್ಗ’ದಿಂದಲೇ ಪ್ರಾಸ ಕನ್ನಡದ ಚರ್ಚೆಯಲ್ಲಿದೆ. ಲಕ್ಷಣಕಾರರು ಪಾದದ ಎರಡನೆಯ ಅಕ್ಷರದ ಪ್ರಾಸವನ್ನು ಆರು ಬಗೆ ಮಾಡಿ ಪ್ರಾಣಿಗಳ ಹೆಸರಿಟ್ಟರು. ಹಿಂದಿನ ಅಕ್ಷರ ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ, ಅನುಸ್ವಾರ ಬಂದರೆ ವೃಷಭ, ವಿಸರ್ಗ ಬಂದರೆ ಅಜ, ಬೇರೆ ಬೇರೆ ವ್ಯಂಜನಗಳ ಒತ್ತಾದರೆ ಶರಭ, ಅದೇ ಅಕ್ಷರದ ಒತ್ತಾದರೆ ಹಯ. ಈ ತಕ್ಕಡಿಯಲ್ಲಿ ನಮ್ಮ ಸೀಮೆಯ ಎರಡು ತಾಲ್ಲೂಕುಗಳ ಊರುಗಳನ್ನು ತೂಗಿದರೆ ಸೊಗಸಾದ ಸಂಗತಿಯೊಂದು ಹೊರಬೀಳುತ್ತದೆ. ತಳುಕು, ಬೆಳಗೆರೆ, ಮೊಳಕಾಲ್ಮೂರು ಮೂರೂ ಳಕಾರದ ಸಿಂಹಪ್ರಾಸದವು. ಮಳೆ, ಹೊಳೆ, ಬೆಳೆ, ಕಳೆ ಎಲ್ಲವೂ ಅವಕ್ಕೆ ನೆಂಟರು. (ಮಳೆ ಈ ಸೀಮೆಗೆ ದೂರದ ನೆಂಟನಂತೆ ಬಂದು ಹೋಗುತ್ತದೆ, ಅದು ಬೇರೆ ಮಾತು.) ಚಳ್ಳಕೆರೆಯಲ್ಲೂ ಳಕಾರವೇ ಇದೆಯಾದರೂ ಒತ್ತಿನಿಂದಾಗಿ ಅದು ಹಯಪ್ರಾಸಕ್ಕೆ ಸರಿಯುತ್ತದೆ, ಅದರ ಬಳಗ ಹಳ್ಳ, ಮುಳ್ಳು, ಬಳ್ಳಿ. ನಾಯಕನಹಟ್ಟಿ ಗಜ, ಕೊಂಡ್ಲಹಳ್ಳಿ ವೃಷಭ, ಬ್ರಹ್ಮಗಿರಿ ಶರಭ. ಅಜಪ್ರಾಸಕ್ಕಾಗಿ ವಿಸರ್ಗವಿರುವ ಊರನ್ನು ಹುಡುಕುವುದು ಮಾತ್ರ ದುಃಖದ ಕೆಲಸ. ಈಗ ಇವೇ ಹೆಸರುಗಳ ಬಾಲ ನೋಡಿ: ಕೆರೆ, ಗೆರೆ, ಹಳ್ಳಿ, ಹಟ್ಟಿ. ನಾಡಿನ ಸಾವಿರಾರು ಊರುಗಳಿಗೆ ಇವೇ ಬಾಲಗಳು. ಬೆಳಗೆರೆಗೆ ಚಳ್ಳಕೆರೆ ಅಂತ್ಯಪ್ರಾಸ ಎಂದರೆ ಯಾರು ತಲೆದೂಗುತ್ತಾರೆ? ಊರನ್ನು ಊರಿಂದ ಬೇರೆ ಮಾಡುವುದು ತಲೆಯ ಭಾಗ. ಮಿಕ್ಕ ಪದಗಳಿಗೂ ಇದೇ ಮಾತು ಸಲ್ಲುತ್ತದೆ. ಕನ್ನಡದಲ್ಲಿ ಧಾತು ಮೊದಲು, ಪ್ರತ್ಯಯ ಕೊನೆಗೆ. ‘ಅಲ್ಲಿ’, ‘ಇಂದ’, ‘ಉತ್ತಾನೆ’ ಎಂದು ಮುಗಿಯುವ ಮಾತುಗಳನ್ನು ಮೊರದ ತುಂಬ ಆರಿಸಬಹುದು. ಬಾಲದಲ್ಲಿ ಪ್ರಾಸ ಅಷ್ಟು ಅಗ್ಗವಾದಾಗ ಕವಿ ತಲೆಗೆ ಹೋದದ್ದು ಸಹಜವೇ ಅಲ್ಲವೆ? ಊರ ಹೆಸರನ್ನು ಮುಂದಿಟ್ಟ ವ್ಯಾಕರಣವೇ ಪ್ರಾಸವನ್ನೂ ಮುಂದೆ ಕಳಿಸಿತು. ಇಂಟಿ ಪೇರನ್ನು ಮುಂದಿಡುವ ತೆಲುಗಿನವರೂ ಪದ್ಯದಲ್ಲಿ ಎರಡನೆಯ ಅಕ್ಷರಕ್ಕೇ ಪ್ರಾಸ ಕಟ್ಟಿದ್ದು ಈ ಮಾತಿಗೆ ಒತ್ತಾಸೆ.

ಇದಕ್ಕೆ ಎದುರಾಡುವವರು ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳನ್ನೇ ತೋರಿಸಬಹುದು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಅವುಗಳ ಕೊನೆಗೆ ಬರೆದವನ ರುಜು ಇದೆ: ಹೆಸರು ಚಪಡ, ಕಸುಬು ಲಿಪಿಕಾರ. ಹೆಸರು ಮೊದಲು, ಗುರುತಿನ ಮಾತು ಆಮೇಲೆ. ಸೀಮೆಯ ಅತಿ ಹಳೆಯ ಸಹಿಯೇ ವಾದಕ್ಕೆ ತಿರುಗಿ ಬಿತ್ತಲ್ಲ ಎನ್ನಬಹುದು. ಆದರೆ ಆ ಶಾಸನದ ಭಾಷೆ ಪ್ರಾಕೃತ. ಮೇಲಾಗಿ ಲಿಪಿಕಾರ ಎಂಬ ಆ ಒಂದು ಮಾತನ್ನು ಚಪಡ ಬ್ರಾಹ್ಮಿಯಲ್ಲಿ ಬರೆಯದೆ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಬರೆದ. ವಾಯವ್ಯದ ಲಿಪಿಯನ್ನು ಕೈಯಲ್ಲಿ ಹೊತ್ತು ಬಂದ ಆಡಳಿತದ ನೌಕರನ ರುಜು ಅದು. ಊರವರು ತಮ್ಮನ್ನು ಹೇಗೆ ಕರೆದುಕೊಳ್ಳುತ್ತಿದ್ದರು ಎಂಬುದಕ್ಕೆ ಸಾಕ್ಷಿಯಾಗಲಾರದು.

ಗಟ್ಟಿಯಾದ ಆಕ್ಷೇಪ ಬೇರೆಯದಿದೆ. ಹಿಂದೆ ಮುಂಬಯಿ ಕರ್ನಾಟಕ ಎನಿಸಿದ್ದ ಸೀಮೆಯ ಕನ್ನಡಿಗರು ಪಾಟೀಲ, ಹೊಸಮನಿ ಎಂದು ಅಡ್ಡಹೆಸರನ್ನು ಕೊನೆಗೇ ಇಡುತ್ತಾರೆ. ಅವರ ತ್ರಿಪದಿಗಳಲ್ಲೂ ಎರಡನೆಯ ಅಕ್ಷರದ ಪ್ರಾಸ ನಿಲ್ಲಲಿಲ್ಲವೆ? ನಿಂತಿತು, ಒಪ್ಪಬೇಕು. ಹಾಗಾಗಿ ಹೆಸರಿನ ಸ್ಥಾನವೇ ಪ್ರಾಸದ ಸ್ಥಾನವನ್ನು ನಿರ್ಧರಿಸಿತು ಎಂದು ನಾನು ಹೇಳುತ್ತಿಲ್ಲ. ಎರಡಕ್ಕೂ ಬೇರು ಒಂದೇ, ಅದು ವ್ಯಾಕರಣ. ಒಂದು ಕೊಂಬೆಯನ್ನು ಮರಾಠಿಯ ನೆರೆ ಬಗ್ಗಿಸಿದರೆ ಇನ್ನೊಂದು ಬಗ್ಗಲೇಬೇಕೆಂದಿಲ್ಲ. ಚಳ್ಳಕೆರೆ ಸೀಮೆಯ ಹೆಸರೂ ಹೀಗೆ ಬಗ್ಗಿದ್ದುಂಟು. ‘ಯೇಗ್ದಾಗೆಲ್ಲಾ ಐತೆ’ ಬರೆದವರು ಬೆಳಗೆರೆ ಕೃಷ್ಣಶಾಸ್ತ್ರಿ, ಊರು ಮುಂದೆ. ಪತ್ರಕರ್ತರಾಗಿ ಹೆಸರಾದವರು ರವಿ ಬೆಳಗೆರೆ, ಊರು ಹಿಂದೆ. ಅಂತ್ಯಪ್ರಾಸವೂ ನಮಗೆ ತೀರ ಹೊರಗಿನದಲ್ಲ, ರಗಳೆಗಳಲ್ಲಿ ಅದು ಆದಿಪ್ರಾಸದ ಜೊತೆಗೇ ಇತ್ತು. ಎರಡನೆಯ ಅಕ್ಷರವನ್ನು ಬಿಟ್ಟುಕೊಟ್ಟದ್ದು ಮಾತ್ರ ಹೊಸ ಕಾಲದವರು. ಮಂಜೇಶ್ವರದ ಗೋವಿಂದ ಪೈಗಳು ಮೊದಲಾಗಿ ಆ ಕಟ್ಟು ಕಳಚಿದರು, 1926ರಲ್ಲಿ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಬಂದ ಮೇಲೆ ಸಾಲಿನ ಕೊನೆ ಕಾಯುವುದು ರೂಢಿಯಾಯಿತು. ಪ್ರಾಸ ಬಿಟ್ಟ ಪೈಗಳ ಹೆಸರಿಗೇ ಇಂಗ್ಲಿಷಿನಲ್ಲಿ ಸ್ಕೈ, ಫ್ಲೈ ಎಂದು ಪ್ರಾಸಗಳು ಸಾಲುಗಟ್ಟಿ ನಿಂತಿವೆ ಎಂಬುದು ತಮಾಷೆ. ಇನ್ನು ತಳುಕಿನವರ ಪಾಲಿಗೆ ಬಂದ ಅತಿ ದೊಡ್ಡ ಕಾವ್ಯಗೌರವ ‘ಶ್ರೀ ರಾಮಾಯಣ ದರ್ಶನಂ’. ಅದನ್ನು ಕುವೆಂಪು ಅರ್ಪಿಸಿದ್ದು ವೆಂಕಣ್ಣಯ್ಯನವರಿಗೆ. ಅದರ ಮಹಾಛಂದಸ್ಸಿನಲ್ಲಿ ಪ್ರಾಸದ ಕಟ್ಟುಪಾಡು ತಲೆಗೂ ಇಲ್ಲ, ಬಾಲಕ್ಕೂ ಇಲ್ಲ.

ಹಾಗಿದ್ದರೂ ಇಂದು ಊರಿನ ಹೆಸರು ಬಾಲಕ್ಕೆ ಇಳಿಯುತ್ತಿದೆ, ಇಳಿಸುತ್ತಿರುವುದು ಕವಿತೆಯಲ್ಲ, ಪಾಸ್‌ಪೋರ್ಟಿನ ಅರ್ಜಿ. ಸರ್‌ನೇಮ್ ಎಂಬ ಖಾನೆ ತುಂಬಲು ಇನಿಷಿಯಲ್ಲನ್ನು ಬಿಡಿಸಿ ಕೊನೆಗೆ ಹಾಕಬೇಕು. ಪೂರ್ತಿ ಹೆಸರನ್ನು ಆ ಒಂದೇ ಖಾನೆಯಲ್ಲಿ ಬರೆದರೆ ಅಮೆರಿಕದ ವೀಸಾದಲ್ಲಿ ವ್ಯಕ್ತಿಯ ಸ್ವಂತ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಮೊದಲ ಹೆಸರು ತಿಳಿಯದು) ಎಂಬ ಮೂರಕ್ಷರ ಬಂದು ಕೂರುತ್ತದೆ. ಹಾಗೆ ಬಾಲಕ್ಕಿಳಿದ ಊರಿಗೆ ಇಂಗ್ಲಿಷ್ ಪ್ರಾಸ ಸಿಕ್ಕೀತೆ? ಇಂಗ್ಲಿಷಿನ ಪ್ರಾಸಕ್ಕೆ ಪದದ ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೆ ಎಂಬುದು ಮೊದಲು ತಿಳಿಯಬೇಕು. ಕನ್ನಡದ ಪದಕ್ಕೆ ಅಂಥ ಒತ್ತೇ ಇಲ್ಲ. ಮೊಳಕಾಲ್ಮೂರಿನ ‘ಮೂ’ ಮೇಲೆ ಒತ್ತು ಹಾಕಿದರೆ ಇಂಗ್ಲಿಷರು ‘ಗೂರೂ’ ಎಂದು ಎಳೆಯುವ ಗುರು ಸಿಕ್ಕಾನು. ಅವನೂ ಇಲ್ಲಿಂದ ಹೋದವನೇ. ಚಳ್ಳಕೆರೆಯ ಕೆರೆಯನ್ನು ಇಂಗ್ಲಿಷ್ ಕಾಗುಣಿತದ ಪ್ರಕಾರ ‘ಕಿಯರ್’ ಎಂದು ಓದಿದರೆ ‘ಹಿಯರ್’, ‘ಚಿಯರ್’ ಕೂಡುತ್ತವೆ, ಕೆರೆ ಬತ್ತುತ್ತದೆ. ನಮ್ಮ ‘ಊರು’ ಹಿಂದೆ ಬೆಂಗಳೂರಿನಲ್ಲಿ ‘ಓರ್’ ಆಗಿ ‘ಶೋರ್’, ‘ಮೋರ್’ಗಳಿಗೆ ಹೊಂದಿಕೊಂಡಿತ್ತು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ರೂಪವನ್ನು ಕನ್ನಡದ ಉಚ್ಚಾರಕ್ಕೆ ತಿದ್ದಿದಾಗ ಆ ಪ್ರಾಸವೂ ಹೋಯಿತು. ಆ ಪಟ್ಟಿಯಲ್ಲಿ ಚಳ್ಳಕೆರೆಯಾಗಲಿ ಮೊಳಕಾಲ್ಮೂರಾಗಲಿ ಇರಲಿಲ್ಲ. ಇವನ್ನು ತಮ್ಮ ಬಾಯಿಗೆ ಒಗ್ಗಿಸಿಕೊಳ್ಳುವ ಗೋಜಿಗೆ ಇಂಗ್ಲಿಷರು ಹೋಗಿರಲೇ ಇಲ್ಲ.