ಪೆರಿಯಾರ್ ನದಿ ಮಾಲಿನ್ಯ ಮತ್ತು ಪರಿಸರ ಆರೋಗ್ಯ ಸಂಶೋಧನೆ

ಪೆರಿಯಾರ್ ನದಿ ಮಾಲಿನ್ಯವು ಕೇರಳದ ಎರ್ನಾಕುಳಂ ಜಿಲ್ಲೆಯ ಆಲುವ ಪಟ್ಟಣದ ಕೆಳಗೆ, ಏಲೂರು–ಎಡಯಾರ್ ಕೈಗಾರಿಕಾ ಪ್ರದೇಶದಲ್ಲಿ, 1940ರ ದಶಕದಿಂದ ಬೆಳೆದುಬಂದ ಪರಿಸರ ಸಮಸ್ಯೆ. ದಕ್ಷಿಣ ಭಾರತದಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದ ನದೀಭಾಗಗಳಲ್ಲಿ ಇದೂ ಒಂದು. ನದಿಯ ನೀರು, ತಳದ ಹೂಳು, ಮೀನು, ಗಾಳಿ ಮತ್ತು ಜನರ ಆರೋಗ್ಯ ಕುರಿತು ಹಲವು ಸಂಸ್ಥೆಗಳು ಬೇರೆ ಬೇರೆ ಕಾಲದಲ್ಲಿ ಸಂಶೋಧನೆ ನಡೆಸಿವೆ. ಕೊಚ್ಚಿ ಮಹಾನಗರದ ಕುಡಿಯುವ ನೀರಿಗೆ ಇದೇ ನದಿ ಮುಖ್ಯ ಆಧಾರ. ಹಾಗಾಗಿ ಇಲ್ಲಿಯ ಮಾಲಿನ್ಯ ನದೀತೀರದ ಕೆಲವು ಊರುಗಳ ಕಷ್ಟವಾಗಿ ಉಳಿಯದೆ ಲಕ್ಷಾಂತರ ಜನರ ಆರೋಗ್ಯದ ಪ್ರಶ್ನೆಯಾಗಿದೆ.

ನದಿ ಮತ್ತು ನೆಲ

ಪಶ್ಚಿಮ ಘಟ್ಟದ ಶಿವಗಿರಿ ಬೆಟ್ಟಗಳಲ್ಲಿ ಹುಟ್ಟುವ ಪೆರಿಯಾರ್ 244 ಕಿ.ಮೀ. ಹರಿಯುತ್ತದೆ, ಕೇರಳದ ನದಿಗಳಲ್ಲಿ ಇದೇ ಅತಿ ಉದ್ದದ್ದು. ಆಲುವಕ್ಕಿಂತ ಮೇಲೆ ಇದರ ದಡದಲ್ಲಿ ಶಂಕರಾಚಾರ್ಯರ ಜನ್ಮಸ್ಥಳವಾದ ಕಾಲಡಿ ಇದೆ. ಶೃಂಗೇರಿ ಪೀಠದ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು 1910ರಲ್ಲಿ ಅಲ್ಲಿ ದೇವಾಲಯಗಳ ಪ್ರತಿಷ್ಠೆ ನೆರವೇರಿಸಿದ ಮೇಲೆ ಕನ್ನಡನಾಡಿನ ಯಾತ್ರಿಕರಿಗೂ ಈ ಹೊಳೆ ಪರಿಚಿತವಾಯಿತು. ಆಲುವದ ಮಣಪ್ಪುರಂ ಮರಳದಂಡೆಯಲ್ಲಿ ಪ್ರತಿವರ್ಷ ಶಿವರಾತ್ರಿಯ ಪಿತೃತರ್ಪಣಕ್ಕೆ ಅಪಾರ ಜನ ಸೇರುತ್ತಾರೆ.

ಆಲುವದಲ್ಲಿ ನದಿ ಎರಡಾಗಿ ಒಡೆಯುತ್ತದೆ. ಮಂಗಲಪುಳ ಎಂಬ ಉತ್ತರದ ಕವಲು ಚಾಲಕ್ಕುಡಿ ನದಿಯನ್ನು ಕೂಡಿಕೊಂಡು ಸಮುದ್ರದತ್ತ ಸಾಗುತ್ತದೆ. ದಕ್ಷಿಣದ ಕವಲು ಏಲೂರು, ಎಡಯಾರ್‌ಗಳ ನಡುವೆ ಹಾದು ವರಾಪುಳದ ಮೂಲಕ ವೆಂಬನಾಡು ಹಿನ್ನೀರಿಗೆ ಇಳಿಯುತ್ತದೆ. ಸುತ್ತಲೂ ನೀರಿರುವ ಏಲೂರು ಒಂದು ದ್ವೀಪ. ಈ ಭಾಗದಲ್ಲಿ ನೆಲ ಸಮುದ್ರಮಟ್ಟಕ್ಕೆ ಹತ್ತಿರವಾಗಿದ್ದು, ಭರತದ ವೇಳೆ ಉಪ್ಪುನೀರು ಮೇಲೇರುತ್ತದೆ. ಮಳೆಗಾಲದಲ್ಲಿ ಹೊಳೆಯ ರಭಸ ಅದನ್ನು ಹಿಂದಕ್ಕೆ ತಳ್ಳುತ್ತದೆ. ಬೇಸಗೆಯಲ್ಲಿ ಆ ಶಕ್ತಿ ಇರುವುದಿಲ್ಲ. ಇಲ್ಲಿಯ ಮಾಲಿನ್ಯದ ಸ್ವರೂಪವನ್ನು ತಿಳಿಯಲು ಈ ಏರಿಳಿತವನ್ನು ಮೊದಲು ಗ್ರಹಿಸಬೇಕು. ಕಾರ್ಖಾನೆಗಳು ಆಲುವದ ಕುಡಿಯುವ ನೀರಿನ ಪಂಪುಮನೆಗಿಂತ ಕೆಳಗಿವೆ ಎಂಬ ಸಮಾಧಾನ ಬೇಸಗೆಯಲ್ಲಿ ನಿಲ್ಲುವುದಿಲ್ಲ.

ಬೇಸಗೆಯ ಹರಿವು ಕುಗ್ಗಲು ಮೇಲ್ಭಾಗದ ನೀರಿನ ಬಳಕೆಯೂ ಕಾರಣ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟು ನದಿಯ ಒಂದು ಪಾಲನ್ನು ಘಟ್ಟದಾಚೆಯ ವೈಗೈ ಕಣಿವೆಗೆ ತಿರುಗಿಸುತ್ತದೆ. ಇಡುಕ್ಕಿ ಜಲಾಶಯದ ನೀರು ಮೂಲಮಟ್ಟಂ ವಿದ್ಯುದಾಗಾರದಿಂದ ಹೊರಬಂದ ಮೇಲೆ ಮೂವಾಟ್ಟುಪುಳ ನದಿಗೆ ಸೇರುತ್ತದೆ. ಹೀಗೆ ಎರಡು ದೊಡ್ಡ ಯೋಜನೆಗಳು ನೀರನ್ನು ಕಣಿವೆಯಿಂದ ಹೊರಗೊಯ್ಯುತ್ತವೆ. ಕೊಳೆಯನ್ನು ತೆಳುವಾಗಿಸಿ ಸಾಗಿಸಬೇಕಾದ ನೀರಿನಲ್ಲಿ ಅಷ್ಟು ಕೊರತೆ ಬೀಳುತ್ತದೆ.

ಕೈಗಾರಿಕೆಗಳ ಬೆಳವಣಿಗೆ

1940ರಲ್ಲಿ ಪಳ್ಳಿವಾಸಲ್ ಜಲವಿದ್ಯುತ್ ಯೋಜನೆ ಆರಂಭವಾದದ್ದು ತಿರುವಿದಾಂಕೂರು ಸಂಸ್ಥಾನದಲ್ಲಿ ಭಾರೀ ಕೈಗಾರಿಕೆಗೆ ದಾರಿ ಮಾಡಿತು. ದಿವಾನ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಅವರ ಕಾಲದಲ್ಲಿ, ವಿದ್ಯುತ್ತು, ಸಿಹಿನೀರು, ಕೊಚ್ಚಿ ಬಂದರಿಗೆ ಜಲಮಾರ್ಗ ಈ ಮೂರೂ ಸಿಗುವ ಆಲುವ ಪರಿಸರ ಅದಕ್ಕೆ ತಕ್ಕ ಜಾಗವಾಯಿತು. 1943ರಲ್ಲಿ ಏಲೂರಿನ ಅಲುಪುರಂನಲ್ಲಿ ಇಂಡಿಯನ್ ಅಲ್ಯೂಮಿನಿಯಂ ಕಂಪನಿಯ ಕಾರ್ಖಾನೆ ಶುರುವಾಯಿತು. ಅದೇ ವರ್ಷ ಸ್ಥಾಪನೆಯಾದ ಫ್ಯಾಕ್ಟ್ ರಸಗೊಬ್ಬರ ಕಂಪನಿ 1947ರಲ್ಲಿ ಏಲೂರಿನ ಉದ್ಯೋಗಮಂಡಲದಲ್ಲಿ ಉತ್ಪಾದನೆ ಆರಂಭಿಸಿತು. ಆರಂಭದಲ್ಲಿ ಅದು ಅಮೋನಿಯ ತಯಾರಿಸಲು ಸೌದೆಯನ್ನೇ ಕಚ್ಚಾವಸ್ತುವಾಗಿ ಬಳಸುತ್ತಿತ್ತು. ಮುಂದೆ ನಾಫ್ತಾಕ್ಕೂ, ಆಮೇಲೆ ನೈಸರ್ಗಿಕ ಅನಿಲಕ್ಕೂ ಬದಲಾಯಿತು. ಆ ಮೊದಲ ವರ್ಷಗಳಲ್ಲಿ ಕಾಡು, ನೀರು, ಇಂಧನ ಎಲ್ಲವನ್ನೂ ಒಂದೇ ಕಣಿವೆ ಒದಗಿಸಬೇಕಾಗಿತ್ತು.

1950ರ ದಶಕದಲ್ಲಿ ಕಾಸ್ಟಿಕ್ ಸೋಡಾ ತಯಾರಿಸುವ ಟ್ರಾವಂಕೂರ್ ಕೊಚ್ಚಿನ್ ಕೆಮಿಕಲ್ಸ್, ಮೋನಜೈಟ್ ಮರಳನ್ನು ಸಂಸ್ಕರಿಸುವ ಇಂಡಿಯನ್ ರೇರ್ ಅರ್ಥ್ಸ್ ಮತ್ತು ಡಿಡಿಟಿ ತಯಾರಿಸುವ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಬಂದವು. 1960ರ ದಶಕದಲ್ಲಿ ಎದುರು ದಡದ ಎಡಯಾರ್‌ನಲ್ಲಿ ಸತುವು ಕರಗಿಸುವ ಕಾರ್ಖಾನೆ ತಲೆಯೆತ್ತಿತು. ಕಾಲಕ್ರಮದಲ್ಲಿ ಎರಡೂ ದಡಗಳಲ್ಲಿ ಸಣ್ಣ ದೊಡ್ಡ ಘಟಕಗಳ ಸಂಖ್ಯೆ 200 ದಾಟಿತು. ಮೇಲೆ ಹೆಸರಿಸಿದ ದೊಡ್ಡ ಕಾರ್ಖಾನೆಗಳು ಪ್ರಾರಂಭವಾದಾಗ ದೇಶದಲ್ಲಿ ಜಲಮಾಲಿನ್ಯ ತಡೆಯುವ ಕಾನೂನೇ ಇರಲಿಲ್ಲ. ಅಂಥ ಕಾಯಿದೆ ಬಂದದ್ದು 1974ರಲ್ಲಿ. ಕೇರಳದ ಮಾಲಿನ್ಯ ನಿಯಂತ್ರಣ ಮಂಡಳಿ ರಚನೆಯಾದದ್ದೂ ಅದೇ ವರ್ಷ. ಅಷ್ಟರೊಳಗೆ ಮೂರು ದಶಕದ ತ್ಯಾಜ್ಯ ಹೊಳೆಯ ತಳ ಸೇರಿತ್ತು.

ಮಾಲಿನ್ಯಕಾರಕಗಳು

ಇಲ್ಲಿಯ ಮಾಲಿನ್ಯಕಾರಕಗಳನ್ನು ಅವುಗಳ ವರ್ತನೆಯ ಮೇಲೆ ಮೂರು ಗುಂಪಾಗಿ ನೋಡಬಹುದು.

ಮೊದಲನೆಯದು ಭಾರಲೋಹಗಳು. ಸತುವು, ಕ್ಯಾಡ್ಮಿಯಂ, ಪಾದರಸಗಳು ನೀರಿನಲ್ಲಿ ಹೆಚ್ಚು ಹೊತ್ತು ಕಾಣಸಿಗದೆ ಹೂಳಿನ ಕಣಗಳಿಗೆ ಅಂಟಿ ತಳಕ್ಕಿಳಿಯುತ್ತವೆ. ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಕೊಚ್ಚಿ ಕೇಂದ್ರದವರು ಹಿನ್ನೀರಿನ ಹೂಳನ್ನು ಪರೀಕ್ಷಿಸಿ, ಉತ್ತರ ಭಾಗದಲ್ಲಿ, ಅಂದರೆ ಪೆರಿಯಾರ್ ಬಂದು ಸೇರುವ ಕಡೆ, ಸತುವು ಮತ್ತು ಕ್ಯಾಡ್ಮಿಯಂ ದಟ್ಟವಾಗಿ ಸೇರಿಕೊಂಡಿರುವುದನ್ನು ದಾಖಲಿಸಿದ್ದಾರೆ. ದೇಹದಲ್ಲಿ ಸಂಗ್ರಹವಾಗುವ ಕ್ಯಾಡ್ಮಿಯಂ ಮೂತ್ರಪಿಂಡ ಮತ್ತು ಮೂಳೆಗೆ ಹಾನಿಕರ. ಹೂಳಿನಲ್ಲಿರುವ ಪಾದರಸವನ್ನು ಸೂಕ್ಷ್ಮಜೀವಿಗಳು ಮೀಥೈಲ್ ಪಾದರಸವಾಗಿ ಮಾರ್ಪಡಿಸಬಲ್ಲವು. ಅದು ಮೀನಿನ ಮೂಲಕ ಊಟದ ತಟ್ಟೆಗೆ ಬಂದರೆ ನರಮಂಡಲಕ್ಕೆ ಅಪಾಯ.

ಎರಡನೆಯದು ಬೇಗ ವಿಘಟನೆಯಾಗದ ಸಾವಯವ ಕ್ಲೋರಿನ್ ಸಂಯುಕ್ತಗಳು. ಡಿಡಿಟಿ, ಎಂಡೋಸಲ್ಫಾನ್‌ನಂಥ ಕೀಟನಾಶಕಗಳು ಕೊಬ್ಬಿನಲ್ಲಿ ಸೇರಿಕೊಂಡು ಆಹಾರ ಸರಪಳಿಯಲ್ಲಿ ಮೇಲೇರುತ್ತಾ ಸಾಂದ್ರವಾಗುತ್ತವೆ. ಕಾರ್ಖಾನೆಗಳ ಪಕ್ಕದಲ್ಲೇ ಹರಿದು ನದಿ ಸೇರುವ ಕುಳಿಕಂಡಂ ತೋಡು ಇವುಗಳ ಮುಖ್ಯ ಹಾದಿಯಾಗಿತ್ತು. 1999ರಲ್ಲಿ ಗ್ರೀನ್‌ಪೀಸ್ ಸಂಸ್ಥೆ ಈ ತೋಡಿನ ನೀರು ಮತ್ತು ಹೂಳಿನ ಮಾದರಿ ಪರೀಕ್ಷಿಸಿದಾಗ ಡಿಡಿಟಿ, ಅದರ ವಿಘಟಿತ ರೂಪಗಳು ಮತ್ತು ಇತರ ಅನೇಕ ಕ್ಲೋರಿನ್ ಸಂಯುಕ್ತಗಳು ಕಂಡುಬಂದವು. ಆ ವರದಿ ಏಲೂರಿನ ಹೆಸರನ್ನು ದೇಶದಾಚೆಗೂ ತಲುಪಿಸಿತು.

ಮೂರನೆಯದು ಅಮೋನಿಯ, ಆಮ್ಲೀಯ ತ್ಯಾಜ್ಯ ಮತ್ತು ಕೊಳೆಯುವ ಸಾವಯವ ಪದಾರ್ಥ. ಇವುಗಳ ಹೊಡೆತ ತಕ್ಷಣದ್ದು. ಮೀನುಗಳು ಸಾಯುವುದು ಹೆಚ್ಚಾಗಿ ಇವುಗಳಿಂದಲೇ. ಇವಲ್ಲದೆ ಮೋನಜೈಟ್ ಸಂಸ್ಕರಣೆಯಿಂದ ನದಿಗೆ ಸೇರುತ್ತಿದ್ದ ವಿಕಿರಣಶೀಲ ರೇಡಿಯಂನ ಜಾಡನ್ನು ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1980ರ ದಶಕದಲ್ಲೇ ಅಧ್ಯಯನ ಮಾಡಿದ್ದರು.

ಆರೋಗ್ಯ ಅಧ್ಯಯನಗಳು

ನೀರಿನಲ್ಲಿ ವಿಷವಿದೆ ಎಂದು ತೋರಿಸುವುದಕ್ಕಿಂತ, ಅದರಿಂದಲೇ ಇಂಥ ಕಾಯಿಲೆ ಬಂದಿತು ಎಂದು ತೋರಿಸುವುದು ಕಷ್ಟ. ಏಲೂರಿನ ನಿವಾಸಿ ಗಾಳಿ, ಬಾವಿನೀರು, ಮೀನು, ಮಣ್ಣು ಎಲ್ಲದರ ಮೂಲಕ ಹಲವು ರಾಸಾಯನಿಕಗಳಿಗೆ ಒಟ್ಟಿಗೆ ಒಡ್ಡಿಕೊಳ್ಳುತ್ತಾನೆ. ಕ್ಯಾನ್ಸರಿನಂಥ ರೋಗ ತಲೆದೋರಲು ದಶಕಗಳು ಬೇಕು. ಆ ನಡುವೆ ಜನ ಊರು ಬಿಡುತ್ತಾರೆ, ಕೆಲಸ ಬದಲಿಸುತ್ತಾರೆ. ಧೂಮಪಾನದಂಥ ಬೇರೆ ಕಾರಣಗಳನ್ನೂ ಬಿಡಿಸಿ ನೋಡಬೇಕಾಗುತ್ತದೆ. ಕಾರ್ಖಾನೆ ಬರುವ ಮೊದಲು ಊರಿನ ಆರೋಗ್ಯ ಹೇಗಿತ್ತೆಂಬ ದಾಖಲೆ ಇಲ್ಲದಿರುವುದು ದೊಡ್ಡ ತೊಡಕು. ಆಗ ಉಳಿಯುವ ದಾರಿ, ಜೀವನಕ್ರಮದಲ್ಲಿ ಹೋಲುವ, ಮಾಲಿನ್ಯವಿಲ್ಲದ ಇನ್ನೊಂದು ಊರಿನೊಡನೆ ಹೋಲಿಕೆ.

2003ರಲ್ಲಿ ಗ್ರೀನ್‌ಪೀಸ್ ಪ್ರಕಟಿಸಿದ ಆರೋಗ್ಯ ಸಮೀಕ್ಷೆ ಈ ದಾರಿ ಹಿಡಿಯಿತು. ಏಲೂರನ್ನು ಅದೇ ಜಿಲ್ಲೆಯ ಪಿಂಡಿಮನ ಗ್ರಾಮದ ಜೊತೆ ಹೋಲಿಸಿ, ಕ್ಯಾನ್ಸರ್, ಜನ್ಮಜಾತ ವೈಕಲ್ಯ ಮತ್ತು ಶ್ವಾಸಕೋಶದ ತೊಂದರೆಗಳು ಏಲೂರಿನಲ್ಲಿ ಹೆಚ್ಚಾಗಿವೆ ಎಂದು ಅದು ಹೇಳಿತು. ಇಂಥ ಒಂದು ಸಮೀಕ್ಷೆ ಒಂದೊಂದು ರೋಗಕ್ಕೂ ಒಂದೊಂದು ರಾಸಾಯನಿಕವನ್ನು ಹೊಣೆ ಮಾಡಲಾರದು. ಆದರೆ ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಪರೀಕ್ಷಿಸಬೇಕೆಂಬ ಒತ್ತಾಯಕ್ಕೆ ಅದು ಗಟ್ಟಿ ಆಧಾರವಾಯಿತು.

ಈ ವಿಧಾನದ ಇನ್ನೊಂದು ಉದಾಹರಣೆ ಕಾಸರಗೋಡಿನ ಕನ್ನಡ–ತುಳು ನೆಲದಲ್ಲಿದೆ. ಏಲೂರಿನಲ್ಲೂ ತಯಾರಾಗುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾಗಿತ್ತು. ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ವೈದ್ಯ ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಅಸಹಜತೆಯನ್ನು ಗುರುತಿಸಿದರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ತಿಳಿಸಿದರು. ಬಳಿಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ 117 ಶಾಲಾ ಬಾಲಕರನ್ನು ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಡನೆ ಹೋಲಿಸಿತು. ಪಡ್ರೆಯ ಬಾಲಕರಲ್ಲಿ ಪ್ರೌಢತೆಯ ಲಕ್ಷಣಗಳು ತಡವಾಗುತ್ತಿರುವುದು 2003ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡುಬಂತು. 2004ರ ಜುಲೈಯಲ್ಲಿ ಏಲೂರಿನ ಎಂಡೋಸಲ್ಫಾನ್ ಘಟಕಕ್ಕೆ ಬೆಂಕಿ ಬಿದ್ದಾಗ, ತಯಾರಾಗುವ ಜಾಗದಲ್ಲೂ ಬಳಕೆಯಾಗುವ ಜಾಗದಲ್ಲೂ ಅಪಾಯ ಒಂದೇ ಎಂಬುದು ಸ್ಪಷ್ಟವಾಯಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ಕೀಟನಾಶಕದ ತಯಾರಿಕೆ ಮತ್ತು ಬಳಕೆಯನ್ನು ತಡೆಯಿತು.

ಮರಳು ಎಂಬ ಸಂಪತ್ತು

ನದಿಯ ಆರೋಗ್ಯ ಕಾರ್ಖಾನೆಯ ಕೊಳವೆಯಿಂದ ಮಾತ್ರ ಕೆಡುವುದಿಲ್ಲ. ತಿರುವನಂತಪುರದ ಭೂವಿಜ್ಞಾನ ಅಧ್ಯಯನ ಕೇಂದ್ರದ ಡಿ. ಪದ್ಮಲಾಲ್ ಮತ್ತು ಸಂಗಡಿಗರು ಪೆರಿಯಾರ್ ಸೇರಿದಂತೆ ವೆಂಬನಾಡು ಜಲಾನಯನದ ನದಿಗಳಲ್ಲಿ ಮರಳುಗಾರಿಕೆಯನ್ನು ಅಳೆದು 2008ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮುಖ್ಯವಾದದ್ದು. ಆ ನದಿಗಳ ಪಾತ್ರದಿಂದ ವರ್ಷಕ್ಕೆ ಸುಮಾರು 1.17 ಕೋಟಿ ಟನ್ ಮರಳು ಮತ್ತು ಗರಸು ತೆಗೆಯಲಾಗುತ್ತಿದೆ, ಇದು ನದಿಗಳು ಹೊತ್ತು ತರುವ ಮರಳಿನ ಸುಮಾರು 40 ಪಟ್ಟು, ನದೀತಳ ವರ್ಷಕ್ಕೆ 7ರಿಂದ 15 ಸೆಂ.ಮೀ. ಇಳಿಯುತ್ತಿದೆ ಎಂದು ಅದು ಲೆಕ್ಕ ಹಾಕಿತು. ತಳ ಇಳಿದಷ್ಟೂ ಉಪ್ಪುನೀರು ಒಳಗೆ ನುಗ್ಗುವುದು ಸುಲಭ. ಬಾವಿಗಳ ನೀರಿನ ಮಟ್ಟವೂ ಕೆಳಗೆ ಹೋಗುತ್ತದೆ. ಮರಳು ತೆಗೆಯುವುದನ್ನು ನಿಯಂತ್ರಿಸಲು ಕೇರಳ 2001ರಲ್ಲೇ ನದೀತೀರ ರಕ್ಷಣಾ ಕಾಯಿದೆ ತಂದಿತ್ತು.

ಉಪ್ಪುನೀರು ತಡೆಯಲು ಏಲೂರಿನ ಪಾತಾಳಂ ಮೊದಲಾದ ಕಡೆ ಒಡ್ಡುಗಳೂ ಗೇಟುಳ್ಳ ಸೇತುವೆಗಳೂ ಬಂದವು. ಆಲುವದ ಶುದ್ಧೀಕರಣ ಘಟಕ ದಿನಕ್ಕೆ ಸುಮಾರು 22.5 ಕೋಟಿ ಲೀಟರ್ ನೀರು ಕೊಡುವುದರಿಂದ ಗೇಟು ಮುಚ್ಚುವುದು ಅನಿವಾರ್ಯ. ಆದರೆ ಮುಚ್ಚಿದ ಗೇಟಿನ ಹಿಂದೆ ನೀರು ನಿಂತು ಕೊಳೆಯೂ ಶೇಖರವಾಗುತ್ತದೆ.

2024ರ ಮೀನುಗಳ ಸಾವು

2024ರ ಮೇ 20ರಂದು, ಬೇಸಗೆ ಮಳೆಯ ಬಳಿಕ ಪಾತಾಳಂ ಗೇಟುಗಳನ್ನು ಎತ್ತಿದ ಮೇಲೆ, ಏಲೂರಿನಿಂದ ವರಾಪುಳ, ಕಡಮಕ್ಕುಡಿ, ಚೇರಾನಲ್ಲೂರುಗಳವರೆಗೆ ಮೀನುಗಳು ರಾಶಿ ರಾಶಿಯಾಗಿ ಸತ್ತವು. ಪಂಜರಗಳಲ್ಲಿ ಮೀನು ಸಾಕಿದ್ದ ಕುಟುಂಬಗಳು ಒಂದೇ ದಿನದಲ್ಲಿ ಬಂಡವಾಳ ಕಳೆದುಕೊಂಡವು. ನೀರಿನಲ್ಲಿ ಆಮ್ಲಜನಕ ಕುಸಿದದ್ದೇ ಕಾರಣ ಎಂದು ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿತು. ಕೇರಳ ಮೀನುಗಾರಿಕೆ ಮತ್ತು ಸಾಗರ ಅಧ್ಯಯನ ವಿಶ್ವವಿದ್ಯಾಲಯದ ತಜ್ಞರು ಅಮೋನಿಯ ಮತ್ತು ಸಲ್ಫೈಡ್ ಅಪಾಯದ ಮಟ್ಟದಲ್ಲಿರುವುದನ್ನು ಕಂಡರು. ಪ್ರಕರಣ ಹೈಕೋರ್ಟಿನ ಮುಂದೆಯೂ ಬಂತು.

ಈ ಎರಡು ಉತ್ತರಗಳು ಒಂದನ್ನೊಂದು ಅಲ್ಲಗಳೆಯಬೇಕಾಗಿಲ್ಲ. ನಿಂತ ನೀರಿನ ತಳದಲ್ಲಿ ಆಮ್ಲಜನಕ ಮುಗಿದ ಮೇಲೆ ಕೆಲವು ಬ್ಯಾಕ್ಟೀರಿಯಗಳು ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಆಗಿ ಬದಲಿಸುತ್ತವೆ. ಗೇಟು ತೆರೆದಾಗ ಆ ತಳದ ನೀರೇ ಮುನ್ನುಗ್ಗುತ್ತದೆ. ಆಮ್ಲಜನಕದ ಕೊರತೆ ಮೀನು ಸತ್ತ ಬಗೆಯನ್ನು ಹೇಳುತ್ತದೆ. ತಳದಲ್ಲಿ ಏನು ಶೇಖರವಾಗಿತ್ತು, ಅದನ್ನು ಯಾರು ಬಿಟ್ಟರು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ. ಮಾದರಿಯನ್ನು ಯಾವ ಹೊತ್ತಿನಲ್ಲಿ, ಎಷ್ಟು ಆಳದಿಂದ ತೆಗೆದರು ಎಂಬುದು ಇಂಥ ಕಡೆ ನಿರ್ಣಾಯಕ.

ಕಾನೂನು ಮತ್ತು ಜನಚಳವಳಿ

ಪುರುಷನ್ ಏಲೂರು ಮೊದಲಾದವರು ಮುಂದಾಳುತನ ವಹಿಸಿದ ಪೆರಿಯಾರ್ ಮಾಲಿನ್ಯ ವಿರೋಧಿ ಸಮಿತಿ, ನದಿಯ ಬಣ್ಣ ಬದಲಾದಾಗ, ಮೀನು ಸತ್ತಾಗ ದಾಖಲೆ ಸಂಗ್ರಹಿಸಿ ದೂರು ಕೊಡುತ್ತಾ ಬಂದಿದೆ. ಅಪಾಯಕಾರಿ ತ್ಯಾಜ್ಯದ ಮೇಲುಸ್ತುವಾರಿಗೆ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿ 2004ರಲ್ಲಿ ಏಲೂರಿಗೆ ಬಂದಿತು. ಸ್ಥಳೀಯರೂ ಪಾಲ್ಗೊಳ್ಳುವ ಪರಿಸರ ಸಮಿತಿಯೊಂದನ್ನು ಡಾ. ಎ. ಅಚ್ಯುತನ್ ಅವರ ಅಧ್ಯಕ್ಷತೆಯಲ್ಲಿ ರಚಿಸಿ, ಬಾವಿ ಕೆಟ್ಟ ಮನೆಗಳಿಗೆ ಕಾರ್ಖಾನೆಗಳ ಖರ್ಚಿನಲ್ಲಿ ನಲ್ಲಿನೀರು ಒದಗಿಸಲು ಅದು ಸೂಚಿಸಿತು. ಕೆಡಿಸಿದವನೇ ಖರ್ಚು ಭರಿಸಬೇಕೆಂಬ ತತ್ವ ಮನೆ ಬಾಗಿಲಿಗೆ ಬಂದ ಅಪರೂಪದ ಸಂದರ್ಭವಿದು.

2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯ ಸೂಚ್ಯಂಕ ಕೊಟ್ಟಿತು. 70ಕ್ಕಿಂತ ಹೆಚ್ಚು ಅಂಕದ 43 ಪ್ರದೇಶಗಳನ್ನು ತೀವ್ರ ಮಲಿನವೆಂದು ಹೆಸರಿಸಿತು. ಗ್ರೇಟರ್ ಕೊಚ್ಚಿನ್‌ಗೆ 75.08 ಅಂಕ ಬಂತು. ಅದೇ ಪಟ್ಟಿಯಲ್ಲಿ ಕರ್ನಾಟಕದ ಮಂಗಳೂರು 73.68, ಭದ್ರಾವತಿ 72.33 ಅಂಕ ಪಡೆದಿದ್ದವು. ಪೆರಿಯಾರ್ ಸಮಿತಿಯಂತೆಯೇ, ತುಂಗಭದ್ರೆಯ ದಡದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ವಿರುದ್ಧ 1980ರ ದಶಕದಲ್ಲಿ ಎಸ್. ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟವೂ ಮೀನುಗಾರರ ಅನುಭವವನ್ನು ಪ್ರಯೋಗಾಲಯದ ಸಾಕ್ಷ್ಯದೊಡನೆ ಜೋಡಿಸಿತ್ತು.

ಮುಂದಿನ ಅಗತ್ಯಗಳು

ಕೆಲವು ಹಳೆಯ ಘಟಕಗಳು ಮುಚ್ಚಿವೆ, ಕಾಸ್ಟಿಕ್ ಸೋಡಾ ತಯಾರಿಕೆ ಪಾದರಸದ ವಿಧಾನವನ್ನು ಬಿಟ್ಟಿದೆ. ಆದರೂ ತಳದ ಹೂಳು ಹಿಂದಿನ ದಶಕಗಳ ವಿಷವನ್ನು ಇಂದಿಗೂ ಹಿಡಿದಿಟ್ಟುಕೊಂಡಿದೆ. ನೀರಿನ ಪರೀಕ್ಷೆ ಒಂದು ಇಲಾಖೆಯಲ್ಲಿ, ಹೂಳಿನ ಪರೀಕ್ಷೆ ಇನ್ನೊಂದು ಸಂಸ್ಥೆಯಲ್ಲಿ, ರೋಗಿಗಳ ದಾಖಲೆ ಆಸ್ಪತ್ರೆಗಳಲ್ಲಿ ಚದುರಿಕೊಂಡಿವೆ. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಡಯಾಕ್ಸಿನ್ ಪರೀಕ್ಷಾ ಸೌಲಭ್ಯವುಳ್ಳ ತಿರುವನಂತಪುರದ ರಾಷ್ಟ್ರೀಯ ಅಂತರ್‌ಶಿಸ್ತೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಸಾರ್ವಜನಿಕ ಆರೋಗ್ಯದಲ್ಲಿ ಪರಿಣತಿಯಿರುವ ಶ್ರೀ ಚಿತ್ರ ತಿರುನಾಳ್ ಸಂಸ್ಥೆ ಇವೆಲ್ಲವೂ ಒಂದೇ ರಾಜ್ಯದಲ್ಲಿವೆ. ಭರತ–ಇಳಿತಗಳಿಗೆ ಹೊಂದಿಸಿದ ನಿರಂತರ ಮಾಪನ, ಗೇಟು ತೆರೆಯುವ ಮೊದಲೇ ತಳದ ನೀರಿನ ಪರೀಕ್ಷೆ, ನದೀತೀರದ ಕುಟುಂಬಗಳ ದೀರ್ಘಕಾಲದ ಆರೋಗ್ಯ ದಾಖಲೆ ಮತ್ತು ಎಲ್ಲ ಅಂಕಿಗಳೂ ಜನರಿಗೆ ಮಲಯಾಳಂನಲ್ಲಿ ಸಿಗುವ ವ್ಯವಸ್ಥೆ ಈ ಸಂಸ್ಥೆಗಳ ಕೈಗೆಟಕುವ ಕೆಲಸಗಳು. ಇಷ್ಟು ಕಾಲ ಒಂದು ನದಿಯನ್ನು ಅಳೆದ ವಿಜ್ಞಾನಕ್ಕೆ, ಅದರ ನೀರು ಕುಡಿಯುವವರಿಗೆ ಉತ್ತರ ಕೊಡುವ ಹೊಣೆಯೂ ಇದೆ.